ಓದು ಕಲಿಸುವವರ ವೃತ್ತಿಗುರಿ: ಆಳಂದ, ಅಫಜಲಪುರ, ಜೇವರ್ಗಿಯ ಕಿರಿಯ ಪ್ರಾಥಮಿಕ ತರಗತಿಗಳು

ವೃತ್ತಿಗುರಿ ಎಂದರೇನು

ಶಿಕ್ಷಕರು ತಮ್ಮ ತಿಳಿವಳಿಕೆಯಲ್ಲಿ ಮತ್ತು ಬೋಧನೆಯ ರೀತಿಯಲ್ಲಿ ನಿಶ್ಚಿತ ಅವಧಿಯೊಳಗೆ ತರಲು ಬಯಸುವ ಬದಲಾವಣೆಗೆ ವೃತ್ತಿಗುರಿ ಎನ್ನುತ್ತಾರೆ. ಇದನ್ನು ಕಲಿಕಾ ಫಲದೊಂದಿಗೆ ಬೆರೆಸಬಾರದು. ‘ಮೂರನೆಯ ತರಗತಿಯ ಮಗು ಚಿಕ್ಕ ಕಥೆಯೊಂದನ್ನು ಓದಿ ಅರ್ಥ ಹೇಳಬಲ್ಲದು’ ಎಂಬುದು ಕಲಿಕಾ ಫಲ. ಅದು ಮಗುವಿಗೆ ಸಂಬಂಧಿಸಿದ್ದು. ‘ಮಗು ಓದುವಾಗ ಎಲ್ಲಿ ತಡೆಯುತ್ತದೆ, ಏಕೆ ತಡೆಯುತ್ತದೆ ಎಂಬುದನ್ನು ಗುರುತಿಸಿ ಬರೆದಿಡುವ ಕ್ರಮವನ್ನು ರೂಢಿಸಿಕೊಳ್ಳುತ್ತೇನೆ’ ಎಂಬುದು ವೃತ್ತಿಗುರಿ; ಅದು ಶಿಕ್ಷಕರದು. ಮೊದಲನೆಯದನ್ನು ಇಲಾಖೆ ನಿಗದಿಪಡಿಸುತ್ತದೆ. ಎರಡನೆಯದನ್ನು ಆ ತರಗತಿಯಲ್ಲಿ ನಿಂತವರೇ ನಿಗದಿಪಡಿಸಬೇಕು, ಏಕೆಂದರೆ ಅಲ್ಲಿನ ಮಕ್ಕಳ ಓದನ್ನು ದಿನವೂ ಕೇಳುವವರು ಅವರೊಬ್ಬರೇ.

ಈ ಪರಿಕಲ್ಪನೆಗೆ ಕಾನೂನು ಮತ್ತು ನೀತಿಯ ಬೆಂಬಲವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದನ್ನು ಶಿಕ್ಷಕರ ಕರ್ತವ್ಯವೆಂದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ತಮ್ಮ ವೃತ್ತಿ ವಿಕಾಸಕ್ಕೆ, ತಮ್ಮ ಆಸಕ್ತಿಗೆ ಅನುಗುಣವಾಗಿ ಮೀಸಲಿಡಬೇಕು. ಆಸಕ್ತಿಗೆ ಅನುಗುಣವಾಗಿ ಎಂಬ ಮಾತು ಇಲ್ಲಿ ಮುಖ್ಯ. ಗುರಿಯಿಲ್ಲದವರಿಗೆ ಆ 50 ಗಂಟೆಗಳು ಹಾಜರಾತಿಯ ಸಹಿಗಳಾಗಿ ಮುಗಿಯುತ್ತವೆ.

ಮೂರು ತಾಲ್ಲೂಕುಗಳ ಹಿನ್ನೆಲೆ

ಆಳಂದ, ಅಫಜಲಪುರ, ಜೇವರ್ಗಿ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ಆಳಂದ ಮತ್ತು ಅಫಜಲಪುರ ಮಹಾರಾಷ್ಟ್ರದ ಗಡಿಗೆ ತಾಗಿಕೊಂಡಿವೆ. ಆಳಂದ ಸೀಮೆಯ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಅಲ್ಲಿಂದ ಭೀಮೆ ಮುಂದೆ ಸಾಗಿ ಜೇವರ್ಗಿಯ ಸೀಮೆಗೆ ಬರುತ್ತದೆ. ಕಪ್ಪು ಎರೆಮಣ್ಣಿನ ಈ ನೆಲದ ಮುಖ್ಯ ಬೆಳೆ ತೊಗರಿ.

1948ರವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಸಂಸ್ಥಾನದ ಆಡಳಿತ ಭಾಷೆಯೂ ಮೇಲಿನ ಹಂತದ ಶಿಕ್ಷಣದ ಭಾಷೆಯೂ ಉರ್ದು ಆಗಿದ್ದುದರಿಂದ, ಕನ್ನಡದಲ್ಲಿ ಓದು-ಬರಹ ಮನೆಮನೆಗೆ ಇಳಿಯುವುದು ಇಲ್ಲಿ ತಡವಾಯಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 64.85, ರಾಜ್ಯದ ಸರಾಸರಿ ಶೇ 75.36. ಈ ಅಂತರಕ್ಕೆ ತರಗತಿಯೊಳಗೆ ಒಂದು ನೇರ ಅರ್ಥವಿದೆ: ಒಂದನೆಯ ತರಗತಿಗೆ ಬರುವ ಅನೇಕ ಮಕ್ಕಳ ಮನೆಯಲ್ಲಿ ಪುಸ್ತಕವಿರುವುದಿಲ್ಲ, ಓದಿ ಹೇಳುವ ಹಿರಿಯರೂ ಇರುವುದಿಲ್ಲ. ಮುದ್ರಿತ ಅಕ್ಷರದೊಡನೆ ಆ ಮಕ್ಕಳ ಮೊದಲ ಒಡನಾಟ ಶಾಲೆಯಲ್ಲೇ ಆಗುತ್ತದೆ. 

ಲಿಪಿ ಮಗುವಿನ ಮುಂದಿಡುವ ಕೆಲಸ

ಓದು ಕಲಿಸುವವರ ಮೊದಲ ಗುರಿ ತಾವು ಕಲಿಸುವ ಲಿಪಿಯನ್ನು ಹೊಸ ಕಣ್ಣಿನಿಂದ ನೋಡುವುದಾಗಿರಬೇಕು. ಸಲೀಸಾಗಿ ಓದಬಲ್ಲ ವಯಸ್ಕರಿಗೆ ಲಿಪಿಯ ತೊಡಕುಗಳು ಕಾಣಿಸುವುದನ್ನು ನಿಲ್ಲಿಸಿ ದಶಕಗಳಾಗಿರುತ್ತವೆ.

ಕನ್ನಡ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ ಸೇರಿ 49 ಅಕ್ಷರಗಳಿವೆ. ಆದರೆ ಪುಸ್ತಕದ ಪುಟದಲ್ಲಿ ಮಗು ಎದುರಿಸುವುದು 49 ಆಕಾರಗಳನ್ನಲ್ಲ. ಪ್ರತಿ ವ್ಯಂಜನಕ್ಕೆ ತಲಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವ ಮೊದಲಾದವು ಸೇರಿ ಕಾಗುಣಿತವೇ ಐನೂರನ್ನು ಮೀರುತ್ತದೆ. ಅದರ ಮೇಲೆ ಒತ್ತಕ್ಷರಗಳು. ಸಮಾಧಾನದ ಸಂಗತಿ ಎಂದರೆ ಈ ರಾಶಿಗೆ ನಿಯಮವಿದೆ. ನಿಯಮ ತಪ್ಪುವ ಜಾಗಗಳು ಕೆಲವೇ, ಮತ್ತು ಮಕ್ಕಳು ಮುಗ್ಗರಿಸುವುದು ಬಹುಮಟ್ಟಿಗೆ ಅಲ್ಲಿಯೇ.

ಈ ಮೂರು ತಾಲ್ಲೂಕುಗಳ ಹೆಸರನ್ನೇ ತೆಗೆದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ‘ಅಫಜಲಪುರ’ದಲ್ಲಿ ಒತ್ತಕ್ಷರವೇ ಇಲ್ಲ, ನೋಡಲು ಸುಲಭ. ಆದರೆ ‘ಫ’ ಎಂಬ ಅಕ್ಷರಕ್ಕೆ ಇಲ್ಲಿ ವರ್ಣಮಾಲೆಯಲ್ಲಿ ಕಲಿತ ಮಹಾಪ್ರಾಣದ ಉಚ್ಚಾರವಿಲ್ಲ. ‘ಕು’, ‘ತು’ಗಳಲ್ಲಿ ಪಕ್ಕಕ್ಕೆ ನಿಲ್ಲುವ ಕೊಂಬು ‘ಪು’ವಿನಲ್ಲಿ ಕೆಳಕ್ಕಿಳಿದು ಬಾಗುತ್ತದೆ. ‘ಆಳಂದ’ದಲ್ಲಿ ಅನುಸ್ವಾರವಿದೆ, ಅದೇ ಸೊನ್ನೆ ‘ಅಂಬಾ’ದಲ್ಲಿ ‘ಮ್’ ಎಂದೂ ‘ಆಳಂದ’ದಲ್ಲಿ ‘ನ್’ ಎಂದೂ ನುಡಿಯುತ್ತದೆ. ‘ಜೇವರ್ಗಿ’ ಇವೆಲ್ಲಕ್ಕಿಂತ ಕಠಿಣ. ಅಲ್ಲಿ ‘ರ್’ ಧ್ವನಿ ‘ಗಿ’ಗಿಂತ ಮೊದಲು ಕೇಳಿಸುತ್ತದೆ, ಆದರೆ ಅರ್ಕಾವತ್ತು ‘ಗಿ’ಯ ನಂತರ ಕಾಣಿಸುತ್ತದೆ. ಎಡದಿಂದ ಬಲಕ್ಕೆ ಓದಬೇಕೆಂದು ಕಲಿತ ಮಗು ಅದನ್ನು ‘ಜೇವಗಿರ್’ ಎಂದು ಓದಿದರೆ, ಅದು ಕಲಿತ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ ಎಂದೇ ತಿಳಿಯಬೇಕು. ಊರಿನ ಬಸ್ಸಿನ ಫಲಕದಲ್ಲಿ ದಿನವೂ ಕಾಣುವ ಹೆಸರು ಓದಿನ ಪಾಠಕ್ಕೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಒದಗಿಸಲಾರದು.

ಸೊನಾಲಿ ನಾಗ್ ಅವರು ಕನ್ನಡ ಓದಿನ ಕಲಿಕೆಯನ್ನು ಕುರಿತು 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಅಕ್ಷರಗಳ ಪೂರ್ಣ ಪರಿಚಯಕ್ಕೆ ಕನ್ನಡದ ಮಕ್ಕಳು ಹಲವು ತರಗತಿಗಳನ್ನು ತೆಗೆದುಕೊಳ್ಳುತ್ತಾರೆ ಎಂಬುದನ್ನು ತೋರಿಸಿತು. ಇಂಗ್ಲಿಷ್‌ನ 26 ಅಕ್ಷರಗಳ ಅಳತೆಗೆ ತಕ್ಕಂತೆ ರೂಪುಗೊಂಡ ನಿರೀಕ್ಷೆಗಳನ್ನು ಕನ್ನಡಕ್ಕೆ ಹೊರಿಸಲಾಗದು. ಎರಡನೆಯ ತರಗತಿಯಲ್ಲಿ ಒತ್ತಕ್ಷರ ತಪ್ಪುವ ಮಗುವನ್ನು ‘ಹಿಂದುಳಿದ’ ಎಂದು ದಾಖಲಿಸುವುದು ಮಗುವಿನ ಬಗೆಗಿನ ತೀರ್ಪಲ್ಲ, ಲಿಪಿಯ ಬಗೆಗಿನ ಅಜ್ಞಾನ.

ನಲಿ-ಕಲಿಯ ಕ್ರಮ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಆರಂಭಿಕ ಓದು ಕಲಿಸುವ ಮುಖ್ಯ ಕ್ರಮ ನಲಿ-ಕಲಿ. ಇದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ ಮತ್ತು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯಿಂದ ಪ್ರೇರಣೆ ಪಡೆದು ಆರಂಭವಾಯಿತು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಮೊದಲ ಮೂರು ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗಳಾಗಿ ಕುಳಿತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಕೆಲವು ಗುಂಪುಗಳಿಗೆ ಶಿಕ್ಷಕರ ನೆರವು, ಕೆಲವಕ್ಕೆ ಗೆಳೆಯರ ನೆರವು, ಕೊನೆಯದು ಸ್ವಯಂ ಕಲಿಕೆ. ಒಬ್ಬಿಬ್ಬರು ಶಿಕ್ಷಕರೇ ಎಲ್ಲ ತರಗತಿಗಳನ್ನು ನೋಡಿಕೊಳ್ಳುವ ತಾಂಡಾ ಮತ್ತು ದೊಡ್ಡಿಗಳ ಶಾಲೆಗಳಿಗೆ ಈ ಏರ್ಪಾಡು ಹೊಂದುತ್ತದೆ.

ನಲಿ-ಕಲಿಯ ನಿಜವಾದ ಜಾಣ್ಮೆ ಅಕ್ಷರಗಳ ಅನುಕ್ರಮದಲ್ಲಿದೆ. ಅದು ‘ಅ, ಆ, ಇ, ಈ’ಯಿಂದ ಹೊರಡದೆ ‘ರ, ಗ, ಸ, ದ, ಅ’ ಎಂದು ಹೊರಡುತ್ತದೆ. ನಂತರ ‘ಜ, ವ, ಮ, ಬ, ನ’. ಬರೆಯಲು ಹತ್ತಿರದ ಆಕಾರಗಳು, ಪದ ಕಟ್ಟಲು ಒದಗುವ ಅಕ್ಷರಗಳು ಜೊತೆಯಾಗಿ ಬರುತ್ತವೆ. ಐದು ಅಕ್ಷರ ಕಲಿತ ಮಗು ‘ಸರ’, ‘ಅರಸ’, ‘ದರ’ ಎಂದು ಅರ್ಥವುಳ್ಳ ಪದಗಳನ್ನು ಓದಬಲ್ಲದು. ಸ್ವರಗಳನ್ನಷ್ಟೇ ಕಲಿತವರಿಗೆ ಇದು ಸಾಧ್ಯವಿಲ್ಲ. ಈ ಕಾರಣ ತಿಳಿಯದೆ ಕಾರ್ಡು ಹಂಚುವ ಶಿಕ್ಷಕರು ನಲಿ-ಕಲಿಯನ್ನು ಯಂತ್ರದಂತೆ ನಡೆಸುತ್ತಾರೆ. ತಿಳಿದವರು ಕಾರ್ಡು ಮುಗಿದ ಮೇಲೂ ಪಾಠ ಮುಂದುವರಿಸಬಲ್ಲರು. ತಮ್ಮ ಕೈಯಲ್ಲಿರುವ ಸಾಮಗ್ರಿಯ ಹಿಂದಿನ ತರ್ಕವನ್ನು ಅರಿಯುವುದೂ ಒಂದು ವೃತ್ತಿಗುರಿಯೇ.

ಯಾದಗಿರಿಯ ಅಧ್ಯಯನ ಹೇಳಿದ್ದು

ಜೇವರ್ಗಿಯ ನೆರೆಯ ಯಾದಗಿರಿ ಹಿಂದೆ ಕಲಬುರಗಿ ಜಿಲ್ಲೆಯ ಭಾಗವಾಗಿಯೇ ಇದ್ದು, 2009ರ ಕೊನೆಯಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ರಾಜ್ಯದ ಅತಿ ಕಡಿಮೆ ಸಾಕ್ಷರತೆ ದಾಖಲಾದದ್ದು ಅಲ್ಲಿಯೇ, ಶೇ 51.83. ಶೈಲಜಾ ಮೆನನ್ ಅವರ ನೇತೃತ್ವದಲ್ಲಿ 2011ರಿಂದ 2016ರವರೆಗೆ ಭಾರತೀಯ ಭಾಷೆಗಳ ಸಾಕ್ಷರತೆಯನ್ನು ಕುರಿತು ನಡೆದ ದೀರ್ಘಾವಧಿ ಅಧ್ಯಯನ ಕನ್ನಡಕ್ಕೆ ಯಾದಗಿರಿಯನ್ನೂ, ಮರಾಠಿಗೆ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ವಾಡಾವನ್ನೂ ಆರಿಸಿಕೊಂಡಿತು. ಮೂರು ತಾಲ್ಲೂಕುಗಳಿಗೆ ಭಾಷೆಯಲ್ಲಿ, ಬದುಕಿನಲ್ಲಿ ಇಷ್ಟು ಹತ್ತಿರದ ಇನ್ನೊಂದು ಅಧ್ಯಯನ ಸಿಗುವುದು ಕಷ್ಟ.

ಅದರ ಮುಖ್ಯ ತಿಳಿವು ಹೀಗಿದೆ. ತರಗತಿಯ ಸಮಯದ ಬಹುಭಾಗ ಅಕ್ಷರ ಗುರುತಿಸುವುದಕ್ಕೆ ಮತ್ತು ನೋಡಿ ಬರೆಯುವುದಕ್ಕೆ ಹೋಗುತ್ತದೆ. ಓದಿದ್ದರ ಅರ್ಥವನ್ನು ಚರ್ಚಿಸುವುದು, ಕಥೆ ಕೇಳಿಸುವುದು, ಮಕ್ಕಳು ಸ್ವಂತವಾಗಿ ಬರೆಯುವುದು ಅತಿ ಕಡಿಮೆ. ಪ್ರಶ್ನೋತ್ತರ ಎಂದರೆ ಬೋರ್ಡಿನ ಮೇಲಿನ ಉತ್ತರವನ್ನು ನೋಟ್‌ಬುಕ್ಕಿಗೆ ಇಳಿಸುವುದು. ಇಷ್ಟೆಲ್ಲ ಅಕ್ಷರಾಭ್ಯಾಸದ ನಂತರವೂ ಮೂರನೆಯ ತರಗತಿ ಮುಗಿಸುವ ಹೊತ್ತಿಗೆ ಗಣನೀಯ ಸಂಖ್ಯೆಯ ಮಕ್ಕಳು ತಮ್ಮ ಮಟ್ಟದ ಪಠ್ಯವನ್ನು ಸಲೀಸಾಗಿ ಓದಲಾರದೆ ಉಳಿದರು. ಅಕ್ಷರಕ್ಕಾಗಿ ಅರ್ಥವನ್ನು ಮುಂದೂಡಿದಲ್ಲಿ ಅಕ್ಷರವೂ ಪೂರ್ತಿ ದಕ್ಕಲಿಲ್ಲ. ದುಂಡಗಿನ ಕೈಬರಹದ ನೋಟ್‌ಬುಕ್ ಓದಿಗೆ ಸಾಕ್ಷಿಯಲ್ಲ. ಬರೆದ ವಾಕ್ಯವನ್ನು ಮಗು ತಾನೇ ಓದಿ ಹೇಳಲಾರದ ಸಂದರ್ಭಗಳನ್ನು ಈ ಭಾಗದ ಯಾವ ಶಿಕ್ಷಕರೂ ನಿರಾಕರಿಸಲಾರರು.

ಗುರಿಯನ್ನು ರೂಪಿಸುವ ಬಗೆ

‘ಈ ವರ್ಷ ಎಲ್ಲ ಮಕ್ಕಳೂ ಓದುವಂತೆ ಮಾಡುತ್ತೇನೆ’ ಎಂಬುದು ಸಂಕಲ್ಪ, ಅದು ಗುರಿಯಲ್ಲ. ನಾಳೆ ಬೆಳಗಿನ ಮೊದಲ ಅವಧಿಯಲ್ಲಿ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಗುರಿ ಹುಟ್ಟಬೇಕಾದದ್ದು ತರಗತಿಯ ಮಾಹಿತಿಯಿಂದ, ಅದಕ್ಕೆ ತಕ್ಕ ಕಾಲ ಶಾಲೆ ತೆರೆದ ಕೂಡಲೇ ಬರುವ ಸೇತುಬಂಧದ ದಿನಗಳು. ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ, ಪದ, ಚಿಕ್ಕ ವಾಕ್ಯಗಳು, ಚಿಕ್ಕ ಕಥೆ ಎಂಬ ಕ್ರಮದಲ್ಲಿ ಓದಿಸಿದರೆ ಯಾರು ಎಲ್ಲಿದ್ದಾರೆಂಬುದು ತಿಳಿಯುತ್ತದೆ. ಪ್ರಥಮ್ ಸಂಸ್ಥೆ 2005ರಿಂದ ‘ಅಸರ್’ ಸಮೀಕ್ಷೆಯಲ್ಲಿ ಬಳಸುತ್ತಿರುವ ಸಾಧನ ಇದೇ. ಒಂದು ಹಾಳೆಯ ಹೊರತು ಬೇರೆ ಖರ್ಚಿಲ್ಲ.

ಈ ಪಟ್ಟಿ ಕೈಗೆ ಬಂದ ಮೇಲೆ ಗುರಿ ತಾನಾಗಿಯೇ ಕಿರಿದಾಗುತ್ತದೆ, ಕಿರಿದಾದಷ್ಟೂ ಉಪಯುಕ್ತವಾಗುತ್ತದೆ. ಎರಡನೆಯ ತರಗತಿಯ ಬಹುಪಾಲು ಮಕ್ಕಳು ಮೂಲಾಕ್ಷರ ಬಲ್ಲರು, ಕಾಗುಣಿತದಲ್ಲಿ ಹ್ರಸ್ವ-ದೀರ್ಘ ಬೆರೆಸುತ್ತಾರೆ ಎಂದು ಭಾವಿಸೋಣ. ಆಗ ಶಿಕ್ಷಕಿಯ ಗುರಿ ಹೀಗಿರಬಹುದು: ‘ದಸರಾ ರಜೆಯೊಳಗೆ ಕಾಗುಣಿತವನ್ನು ಸಾಲಾಗಿ ಬಾಯಿಪಾಠ ಮಾಡಿಸುವುದನ್ನು ಕಡಿಮೆ ಮಾಡುತ್ತೇನೆ, ಬದಲಿಗೆ ಕರು–ಕಾರು, ಕೊಡು–ಕೋಡು, ಬಳೆ–ಬಾಳೆ ಮುಂತಾದ ಜೋಡಿಗಳನ್ನು ದಿನಕ್ಕೆ ಹತ್ತು ನಿಮಿಷ ಕೇಳಿಸಿ, ಓದಿಸಿ, ಬರೆಸುತ್ತೇನೆ, ಹದಿನೈದು ದಿನಕ್ಕೊಮ್ಮೆ ತಪ್ಪುಗಳನ್ನು ದಾಖಲಿಸುತ್ತೇನೆ.’ ಇಲ್ಲಿ ಶಿಕ್ಷಕಿ ಬಿಡುವುದೇನು, ಹಿಡಿಯುವುದೇನು, ಎಂದಿನೊಳಗೆ, ಫಲ ತಿಳಿಯುವುದು ಹೇಗೆ ಎಂಬ ನಾಲ್ಕೂ ಇವೆ. ಬಿಡುವುದೇನು ಎಂಬುದನ್ನು ಹೆಚ್ಚಿನವರು ಬರೆಯುವುದಿಲ್ಲ. ಅವಧಿ ನಲವತ್ತು ನಿಮಿಷವೇ ಆಗಿರುವಾಗ, ಏನನ್ನೂ ಬಿಡದೆ ಹೊಸದನ್ನು ಸೇರಿಸುವ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ಎರಡನೆಯ ಬಗೆಯ ಗುರಿ ಗಟ್ಟಿ ಓದಿಗೆ ಸಂಬಂಧಿಸಿದ್ದು. ಪುಸ್ತಕವಿಲ್ಲದ ಮನೆಯಿಂದ ಬಂದ ಮಗುವಿಗೆ ಬರಹ ಎಂದರೆ ಯಾರೋ ಹೇಳುವ ಮಾತು ಎಂಬ ಅರಿವನ್ನು ಕೊಡುವುದು ಅಕ್ಷರಪಟವಲ್ಲ, ಶಿಕ್ಷಕರು ಚಿತ್ರ ತೋರಿಸುತ್ತ ಓದಿ ಹೇಳುವ ಕಥೆ. ಶಾಲೆಯ ಗ್ರಂಥಾಲಯದ ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿರುವುದು ಹಳೆಯ ರೋಗ. ಹರಿದರೆ ಲೆಕ್ಕ ಕೊಡಬೇಕೆಂಬ ಭಯ ಅದರ ಕಾರಣ. ಮುಖ್ಯಗುರುಗಳು ಹರಿದ ಪುಸ್ತಕವನ್ನು ಓದಿದ ಪುಸ್ತಕವೆಂದು ಒಪ್ಪಿಕೊಂಡರೆ ಸಮಸ್ಯೆಯ ಅರ್ಧ ಬಗೆಹರಿದಂತೆ.

ಬರವಣಿಗೆ ಮೂರನೆಯದು, ಅತ್ಯಂತ ನಿರ್ಲಕ್ಷಿತ. ಶುದ್ಧ ಬರಹ ಮತ್ತು ಉಕ್ತಲೇಖನದ ಆಚೆ, ವಾರಕ್ಕೊಮ್ಮೆಯಾದರೂ ಮಗು ತನ್ನ ಮಾತನ್ನು ತಾನೇ ಬರೆಯಬೇಕು. ಒಂದನೆಯ ತರಗತಿಯಲ್ಲಿ ಅದು ಚಿತ್ರ ಮತ್ತು ಒಂದೆರಡು ಅಕ್ಷರ ಆಗಿರಬಹುದು. ಇಲ್ಲಿ ಶಿಕ್ಷಕರ ಗುರಿ ಕೆಂಪು ಶಾಯಿಯನ್ನು ತಡೆಹಿಡಿಯುವುದು. ಮೊದಲು ಮಗು ಹೇಳಹೊರಟದ್ದಕ್ಕೆ ಉತ್ತರ, ಆಮೇಲೆ ಒಂದೇ ಒಂದು ತಿದ್ದುಪಡಿ.

ಮನೆಮಾತು ಮತ್ತು ಪುಸ್ತಕದ ಮಾತು

ಪಠ್ಯಪುಸ್ತಕದಲ್ಲಿ ‘ಅವನು ಮನೆಯಲ್ಲಿ ಊಟ ಮಾಡುತ್ತಿದ್ದಾನೆ’ ಎಂದಿರುತ್ತದೆ. ಈ ಸೀಮೆಯ ಮಗು ಆಡುವುದು ‘ಅವ ಮನ್ಯಾಗ ಉಣ್ಲತ್ತಾನ’. ಮುದ್ರಿತ ‘ಮನೆಯಲ್ಲಿ’ಯನ್ನು ನೋಡಿ ಮಗು ‘ಮನ್ಯಾಗ’ ಎಂದು ಓದಿದರೆ, ಅದು ಅಕ್ಷರ ತಪ್ಪಿದ ಓದು, ಆದರೆ ಅರ್ಥ ಹಿಡಿದ ಓದು. ‘ಮನೆಯಲ್ಲಿ’ಯನ್ನು ‘ಮನೆಗಲ್ಲಿ’ ಎಂದು ಓದುವ ಮಗು ಅಕ್ಷರಕ್ಕೆ ಹತ್ತಿರವಿದ್ದರೂ ಅರ್ಥದಿಂದ ದೂರವಿದೆ. ಎರಡಕ್ಕೂ ಒಂದೇ ತಪ್ಪು ಗುರುತು ಹಾಕುವ ಶಿಕ್ಷಕರು ಎರಡು ಭಿನ್ನ ಅಗತ್ಯಗಳನ್ನು ಒಂದಾಗಿ ಕಾಣುತ್ತಾರೆ. ಮಗುವಿನ ಮಾತನ್ನು ಮೊದಲು ಹಾಗೆಯೇ ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಪುಸ್ತಕದ ರೂಪವನ್ನು ಬರೆದು ಎರಡನ್ನೂ ಓದಿಸುವುದು ಸರಳವಾದ, ಸೋಲದ ವಿಧಾನ. ಆಡುಮಾತನ್ನು ಗೇಲಿ ಮಾಡಿದಲ್ಲಿ ಮಗು ಮೊದಲು ಕಲಿಯುವುದು ಬಾಯಿ ಮುಚ್ಚಿಕೊಳ್ಳುವುದನ್ನು.

ಕನ್ನಡದ ಆಡುನುಡಿಯಾದರೂ ಕನ್ನಡವೇ. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಪಟ್ಟಣದ ಮುಸ್ಲಿಂ ಮನೆಗಳಲ್ಲಿ ದಖ್ಖನಿ ಉರ್ದು, ಗಡಿಯ ಹಳ್ಳಿಗಳಲ್ಲಿ ಮರಾಠಿ. ಈ ಮೂರೂ ದ್ರಾವಿಡ ಭಾಷೆಗಳಲ್ಲ. ಲಂಬಾಣಿಗೆ ತನ್ನದೇ ರೂಢಿಯ ಲಿಪಿಯೂ ಇಲ್ಲ. ಇಂಥ ಮಗುವಿಗೆ ಒಂದನೆಯ ತರಗತಿಯಲ್ಲಿ ಅಕ್ಷರವೂ ಹೊಸದು, ಅಕ್ಷರ ಸೂಚಿಸುವ ಪದವೂ ಹೊಸದು. ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ಇರಬೇಕೆನ್ನುತ್ತದೆ. ಅದನ್ನು ಪೂರ್ತಿ ಪಾಲಿಸಲು ಸಾಮಗ್ರಿ ಇಲ್ಲದ ಕಡೆಯಲ್ಲಿಯೂ, ತಾಂಡಾ ಶಾಲೆಗೆ ಬಂದ ಶಿಕ್ಷಕರು ಮೊದಲ ವರ್ಷದ ವೃತ್ತಿಗುರಿಯಾಗಿ ಲಂಬಾಣಿಯ ನೂರಾರು ದಿನಬಳಕೆಯ ಪದಗಳನ್ನು ಕಲಿಯಬಹುದು. ಅದಕ್ಕೆ ತರಬೇತಿ ಕೇಂದ್ರ ಬೇಕಿಲ್ಲ, ಮಕ್ಕಳೇ ಕಲಿಸುತ್ತಾರೆ.

ವಲಸೆಯ ಕಾಲಮಾನ

ಶಾಲೆಯ ವರ್ಷ ಜೂನ್‌ನಿಂದ ಏಪ್ರಿಲ್‌ವರೆಗೆ. ಕೂಲಿಯ ವರ್ಷ ಬೇರೆ. ಮಳೆಗಾಲದ ಕೆಲಸ ಮುಗಿದ ಮೇಲೆ ಈ ಭಾಗದ ಅನೇಕ ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರಿನ ಕಡೆ ಹೋಗುತ್ತವೆ, ಮಕ್ಕಳೂ ಹೋಗುತ್ತಾರೆ. ಋತುಮಾನದ ವಸತಿ ನಿಲಯಗಳ ಅವಕಾಶವಿದೆ, ಆದರೆ ಆರೇಳು ವರ್ಷದ ಮಗುವನ್ನು ಬಿಟ್ಟುಹೋಗಲು ತಾಯಂದಿರು ಒಪ್ಪುವುದಿಲ್ಲ, ಅದು ಸಹಜವೂ ಹೌದು. ಆದ್ದರಿಂದ ಇಲ್ಲಿನ ಓದಿನ ಯೋಜನೆ ವರ್ಷದ ಮೊದಲ ನಾಲ್ಕು ತಿಂಗಳನ್ನೇ ಗಟ್ಟಿ ಅವಧಿಯೆಂದು ಎಣಿಸಬೇಕು. ಹೊರಡುವ ಮಗುವಿನ ಕೈಗೆ ಎರಡು ಕಥೆಪುಸ್ತಕ ಕೊಡುವುದು, ಅದು ತಲುಪಿದ ಮಟ್ಟವನ್ನು ಬರೆದಿಡುವುದು, ಮರಳಿದ ದಿನ ಅಲ್ಲಿಂದಲೇ ಆರಂಭಿಸುವುದು, ಈ ಮೂರೂ ಶಿಕ್ಷಕರ ಕೈಯಲ್ಲಿವೆ. ನಲಿ-ಕಲಿಯ ಏಣಿಗೆ ಇದಕ್ಕೆ ಒಗ್ಗುವ ಗುಣವಿದೆ.

ನಿಮಿಷಕ್ಕೆ ಎಷ್ಟು ಪದ

2021ರ ಜುಲೈ 5ರಂದು ಆರಂಭವಾದ ‘ನಿಪುಣ್ ಭಾರತ್’ ಕಾರ್ಯಕ್ರಮ, 2026–27ರೊಳಗೆ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವಿಗೂ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ ಒದಗಿಸುವ ಉದ್ದೇಶ ಹೊಂದಿದೆ. ಅದರ ಸೂಚಿಯಂತೆ ಎರಡನೆಯ ತರಗತಿಯ ಕೊನೆಗೆ ಮಗು ಅರ್ಥಸಹಿತವಾಗಿ ನಿಮಿಷಕ್ಕೆ 45ರಿಂದ 60 ಪದ, ಮೂರನೆಯ ತರಗತಿಯ ಕೊನೆಗೆ ಕನಿಷ್ಠ 60 ಪದ ಓದಬೇಕು.

ಕನ್ನಡದ ತರಗತಿಯಲ್ಲಿ ಈ ಸಂಖ್ಯೆಯನ್ನು ಎಚ್ಚರದಿಂದ ಬಳಸಬೇಕು. ‘ಹೊಲದಲ್ಲಿದ್ದವರಿಗೆ’ ಎಂಬುದು ಕನ್ನಡದಲ್ಲಿ ಒಂದು ಪದ. ಹಿಂದಿಯಲ್ಲಿ ಅದೇ ಅರ್ಥ ನಾಲ್ಕೈದು ಪದಗಳಾಗಿ ಹರಡುತ್ತದೆ. ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವ ಭಾಷೆಯಲ್ಲಿ 60 ಪದ ಎಂದರೆ ಹೆಚ್ಚು ಅಕ್ಷರ, ಹೆಚ್ಚು ಶ್ರಮ. 2022ರಲ್ಲಿ ಮೂರನೆಯ ತರಗತಿಯ ಮಕ್ಕಳ ಮೇಲೆ 20 ಭಾಷೆಗಳಲ್ಲಿ ನಡೆದ ರಾಷ್ಟ್ರೀಯ ಬುನಾದಿ ಕಲಿಕಾ ಅಧ್ಯಯನ ಭಾಷೆಭಾಷೆಗೆ ಬೇರೆ ಬೇರೆ ಮಾನದಂಡ ಗುರುತಿಸಿದ್ದು ಸರಿಯಾದ ಕ್ರಮ. ಗಡಿಯಾರ ಹಿಡಿದು ಓದಿಸುವುದು ಅಳತೆಗೆ ಮಾತ್ರ. ಅದು ಬೋಧನೆಯಾದರೆ ಮಕ್ಕಳು ಪೂರ್ಣವಿರಾಮ ನುಂಗಿ ಓಡುತ್ತಾರೆ.

ಬೆಂಬಲದ ವ್ಯವಸ್ಥೆ

ಕಮಲಾಪುರದಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಹತ್ತಾರು ಶಾಲೆಗಳಿಗೊಬ್ಬ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಇದು ಶೈಕ್ಷಣಿಕ ಬೆಂಬಲದ ಸರಪಳಿ. ‘ದೀಕ್ಷಾ’ ಆನ್‌ಲೈನ್ ವೇದಿಕೆಯಲ್ಲಿ ಬುನಾದಿ ಸಾಕ್ಷರತೆಯನ್ನು ಕುರಿತ ‘ನಿಷ್ಠಾ’ ಶಿಕ್ಷಕ ತರಬೇತಿಯ ಪಾಠಗಳು ದೊರೆಯುತ್ತವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಉಚಿತವಾಗಿ ತೆರೆದಿವೆ. ಶಾಲೆಯ ಬೀರು ತೆರೆಯದ ಕಡೆ ಇದು ಉಪಯೋಗಕ್ಕೆ ಬರುತ್ತದೆ. ಇವುಗಳಲ್ಲಿ ಅತ್ಯಂತ ಹತ್ತಿರದ್ದು ಮತ್ತು ಅತ್ಯಂತ ಕಡಿಮೆ ಬಳಕೆಯಾಗುವುದು ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ. ಸುತ್ತೋಲೆ ಓದುವುದರಲ್ಲಿ, ಅಂಕಿ-ಅಂಶ ತುಂಬುವುದರಲ್ಲಿ ಅದು ಮುಗಿದುಹೋಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಪ್ರಕರಣ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಹೊರತು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸುವಂತಿಲ್ಲ ಎನ್ನುತ್ತದೆ. ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆಯನ್ನೂ ಇದೇ ಕಾಯ್ದೆ ನಿಗದಿಪಡಿಸಿದೆ. ಶಿಕ್ಷಕರಿಂದ ವೃತ್ತಿಗುರಿಯನ್ನು ಕೇಳುವ ಅಧಿಕಾರಿಗಳು ಮೊದಲು ಈ 800 ಗಂಟೆಗಳನ್ನು ತರಗತಿಗೆ ಉಳಿಸಿಕೊಡಲಿ. ಸಮಾಲೋಚನಾ ಸಭೆಯ ಒಂದು ಗಂಟೆಯನ್ನಾದರೂ ಮಕ್ಕಳ ನೋಟ್‌ಬುಕ್ಕುಗಳನ್ನು ಮೇಜಿನ ಮೇಲಿಟ್ಟು ಶಿಕ್ಷಕರು ಪರಸ್ಪರ ಚರ್ಚಿಸುವುದಕ್ಕೆ ಬಿಟ್ಟುಕೊಡಲಿ. ಇದಕ್ಕೆ ಹೊಸ ಆದೇಶವೂ ಹೊಸ ಅನುದಾನವೂ ಬೇಕಾಗಿಲ್ಲ.